ಗುಂಡಿಯ ಸರದಿ

ಕಕ್ಕಸು ಗುಂಡಿಯ ಕೆಲಸ ಎಲ್ಲರಿಗೂ ಸರದಿ ಪ್ರಕಾರ ಬರುತ್ತದೆ ಎಂದು ಕ್ಯಾಪ್ಟನ್ ಹೇಳಿದಾಗ ಉಳಿದವರೆಲ್ಲ ಮುಖ ಸಿಂಡರಿಸಿದರು. ಅವನೊಬ್ಬ ನಕ್ಕ.

ಬೆಟ್ಟದಲ್ಲಿ ಮರಗಳು ಮುಗಿದು ಬರೀ ಹುಲ್ಲು, ಬರೀ ಕಲ್ಲು ಶುರುವಾಗುವ ಕಡೆ ಡೇರೆ ಹಾಕಿದ್ದರು. ಹತ್ತುವವರ ಕಾಲುದಾರಿ ಮಳೆಗೆ ಕೊಚ್ಚಿಹೋಗಿತ್ತು. ಅದನ್ನು ಮತ್ತೆ ಕಟ್ಟಿಕೊಡಲು ಬೇರೆ ಬೇರೆ ಊರುಗಳಿಂದ ಜನ ತಾವಾಗಿಯೇ ಬಂದಿದ್ದರು. ಕೂಲಿ ಇಲ್ಲ. ಊಟ, ಡೇರೆ, ಕೈಗವಸು ಕೊಡುತ್ತಾರೆ. ಒಂದು ವಾರ ಕಲ್ಲು ಹೊತ್ತು, ಮಣ್ಣು ಅಗೆದು, ಬೆಟ್ಟಕ್ಕೊಂದು ನಮಸ್ಕಾರ ಹೊಡೆದು ಮನೆಗೆ ಹೋಗುವುದು. ತಂಡದ ಮುಖಂಡನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ವಯಸ್ಸು ಚಿಕ್ಕದು, ಗಡ್ಡ ದೊಡ್ಡದು, ಮಾತು ಚೆನ್ನ.

“ಇಲ್ಲಿ ಮೇಲೂ ಇಲ್ಲ, ಕೀಳೂ ಇಲ್ಲ,” ಎಂದ ಕ್ಯಾಪ್ಟನ್. “ಅಡುಗೆ, ನೀರು, ಗುಂಡಿ. ಮೂರನ್ನೂ ಎಲ್ಲರೂ ಮಾಡ್ಬೇಕು. ಡಾಕ್ಟರಾಗ್ಲಿ ಡ್ರೈವರಾಗ್ಲಿ, ಗುಂಡಿ ಯಾರನ್ನೂ ಬಿಡಲ್ಲ.”

ಅಡುಗೆ ಡೇರೆಯ ಮುಂದೆ ಮೂರು ಹಗ್ಗ ಕಟ್ಟಿದ್ದ. ಒಬ್ಬೊಬ್ಬರಿಗೂ ಬಟ್ಟೆ ಒಣಹಾಕುವ ಒಂದೊಂದು ಕ್ಲಿಪ್ಪು. ಕ್ಲಿಪ್ಪಿಗೆ ಬಣ್ಣದ ದಾರ. ಬೆಳಿಗ್ಗೆ ಎದ್ದು ನೋಡಿದಾಗ ಯಾರ ಕ್ಲಿಪ್ಪು ಯಾವ ಹಗ್ಗದ ಮೇಲಿದೆಯೋ ಅದೇ ಅವರ ಆ ದಿನದ ಪಾಳಿ. ಅವನ ದಾರ ಹಳದಿ.

ನಕ್ಕಿದ್ದು ಕುಹಕಕ್ಕಲ್ಲ, ಖುಷಿಗೆ. ಅವನು ಊರಿನ ಒಳಚರಂಡಿಗೆ ಇಳಿಯುವವನು. ಅವನ ಅಪ್ಪನೂ ಇಳಿದವನೇ. ಊರಿನವರ ಹೇಲಿನಲ್ಲಿ ಎದೆಮಟ್ಟ ನಿಂತು, ಅದನ್ನು ಬಳಿದು, ಬಕೆಟ್ಟಿಗೆ ತುಂಬಿ, ಮೇಲಕ್ಕೆ ಕಳಿಸುವುದು ಅವನ ಕೆಲಸ. ಹೇಲಿಗೂ ಸರದಿ ಇರುತ್ತದೆ ಎಂಬ ಮಾತನ್ನು ಅವನು ಹುಟ್ಟಿದ ಮೇಲೆ ಕೇಳಿದ್ದು ಇದೇ ಮೊದಲು.

ಅವನನ್ನು ಇಲ್ಲಿಗೆ ಕಳಿಸಿದ್ದು ಮಗಳು. ನರ್ಸಿಂಗ್ ಓದುತ್ತಿದ್ದಳು. ಹಾಸ್ಟೆಲ್ಲಿನ ಗೋಡೆಯ ಮೇಲೆ ಚೀಟಿ ನೋಡಿ, ಅಪ್ಪನನ್ನು ಕೇಳದೆಯೇ ಹೆಸರು ಕೊಟ್ಟುಬಿಟ್ಟಿದ್ದಳು. “ಅಪ್ಪಾ, ನಿನ್ನ ಶ್ವಾಸಕೋಶಕ್ಕೆ ಒಳ್ಳೆ ಗಾಳಿ ಬೇಕು. ನಿನಗೆ ಕಲ್ಲು ಎತ್ತೋದೇನು ಹೊಸದಾ? ಅಲ್ಲಿ ನೀನು ಯಾರಿಗೂ ಗೊತ್ತಿಲ್ಲ. ಹೋಗಿ ಸುಮ್ನೆ ಒಬ್ಬ ಮನುಷ್ಯ ಆಗಿ ಇದ್ದು ಬಾ,” ಎಂದಿದ್ದಳು. ಆ ಕೊನೆಯ ಮಾತು ಅವನಿಗೆ ತಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಹಾಗೆ ಬಿಡಿಸಿ ಹೇಳುವವರು ಬೇರೆ ಯಾರಿದ್ದರು? ಕಂಟ್ರಾಕ್ಟರನ ಕೈಕಾಲು ಹಿಡಿದು ರಜೆ ತೆಗೆದುಕೊಂಡ. ಅವನಿಗೆ ಬೇಕಾಗಿದ್ದು ಇಷ್ಟೇ: ಒಂದು ವಾರ, ಹತ್ತು ಜನರ ನಡುವೆ, ಹನ್ನೊಂದನೆಯವನಾಗಿ ಇರುವುದು.

ಮೊದಲ ಸಂಜೆ ಎಲ್ಲರೂ ಸುತ್ತ ಕೂತು ತಮ್ಮ ತಮ್ಮ ಕೆಲಸ ಹೇಳಿಕೊಂಡರು. ಒಬ್ಬ ವಕೀಲ. ಒಬ್ಬಾಕೆ ರಿಟೈರಾದ ಟೀಚರು, ಎಲ್ಲರಿಗೂ ಟೀಚರಮ್ಮ. ಬ್ಯಾಂಕಿನವರು, ಅಂಗಡಿಯವರು. ಅವನ ಪಾಳಿ ಬಂದಾಗ ಅವನು, “ನೀರಿನ ಇಲಾಖೆ,” ಎಂದ. ಸುಳ್ಳಲ್ಲ. ಒಳಚರಂಡಿಯಲ್ಲಿ ಹರಿಯುವುದೂ ನೀರೇ ತಾನೇ?

“ಓಹೋ, ನೀರಿನ ಸಾಹೇಬ್ರು!” ಎಂದ ವಕೀಲ. “ನಮ್ಮ ಮನೆ ನಲ್ಲಿ ಮೂರು ದಿನದಿಂದ ಒಣಗಿದೆ, ಸ್ವಲ್ಪ ನೋಡಿ ಸ್ವಾಮಿ.” ಎಲ್ಲರೂ ನಕ್ಕರು. ಅವನೂ ನಕ್ಕ. ಅಂದಿನಿಂದ ಅವನು ನೀರಿನ ಸಾಹೇಬನಾದ. ಬನ್ನಿ, ಕೂತ್ಕೊಳ್ಳಿ, ಚಹಾ ತಗೊಳ್ಳಿ. ಟೀಚರಮ್ಮ ಮಾತ್ರ ‘ತಮ್ಮಾ’ ಎಂದರು, ವಯಸ್ಸಿನಲ್ಲಿ ಹಿರಿಯರಾದ್ದರಿಂದ. ಅವರ ಪಕ್ಕ ಕೂತು, ಅವರದೇ ಪಾತ್ರೆಯಿಂದ ಬಡಿಸಿಕೊಂಡು ಉಂಡ. ಡೇರೆಯೊಳಗೆ ಮಲಗಿದಾಗ ಅವನ ಮೂಗಿಗೆ ಯಾವ ವಾಸನೆಯೂ ಬರಲಿಲ್ಲ. ಬರೀ ಗಾಳಿ. ಇಂಥ ಗಾಳಿಯೂ ಇರುತ್ತದೆಯೇ ಎಂದು ಬೆರಗಾಗಿ ಬಹಳ ಹೊತ್ತು ಎದ್ದಿದ್ದ.

ಹಗಲು ಕೆಲಸ. ಎರಡು ಕೋಲುಗಳ ನಡುವೆ ಬಲೆ ಕಟ್ಟಿ ಡೋಲಿ ಮಾಡಿದ್ದರು. ಅದರಲ್ಲಿ ಕಲ್ಲು ಹಾಕಿ, ಮುಂದೊಬ್ಬ ಹಿಂದೊಬ್ಬ ಹೊತ್ತು ಇಳಿಜಾರು ಹತ್ತಬೇಕು. ಹಾರೆ ಹಾಕಿ ಕಲ್ಲನ್ನು ಮೀಟಬೇಕು, ಮಣ್ಣು ಅಗೆದು ಕೂರಿಸಬೇಕು, ಸಂದಿಗೆ ಚಕ್ಕೆ ಬಡಿಯಬೇಕು. ಮೆಟ್ಟಿಲ ಮೇಲೆ ನಿಂತು ಕುಣಿದರೂ ಅಲುಗಬಾರದು. ಸೊಂಟ ಕಳಚಿ ಬೀಳುವ ಕೆಲಸ. ಎಲ್ಲರ ಹಾಗೆ ಅವನೂ ಏದುಸಿರು ಬಿಟ್ಟ, ಎಲ್ಲರ ಹಾಗೆ ತಪ್ಪೂ ಮಾಡಿದ. ಅವನು ಕೂರಿಸಿದ ಮೊದಲ ಕಲ್ಲು ಉರುಳಿಹೋಗಿ ಕ್ಯಾಪ್ಟನ್ನಿನಿಂದ ಬೈಸಿಕೊಂಡ. ಎಲ್ಲರ ಜೊತೆ ಬೈಸಿಕೊಳ್ಳುವುದರಲ್ಲೂ ಒಂದು ಸುಖವಿತ್ತು.

ಎರಡನೆಯ ದಿನ ಹಳದಿ ದಾರ ಗುಂಡಿಯ ಹಗ್ಗದ ಮೇಲಿತ್ತು. ಪಕ್ಕದಲ್ಲಿ ವಕೀಲನ ಕಪ್ಪು ದಾರ.

ಹಳೆಯ ಗುಂಡಿ ತುಂಬಿತ್ತು. ಅದನ್ನು ಮಣ್ಣು ಹಾಕಿ ಮುಚ್ಚಿ, ಹೊಸದನ್ನು ತೋಡಬೇಕಿತ್ತು. ವಕೀಲ ಸ್ವಲ್ಪ ಹೊತ್ತು ಅಗೆದು ಅಂಗೈ ತೋರಿಸಿದ. ಬೊಬ್ಬೆ ಎದ್ದಿತ್ತು. “ನೀವು ಅಗೀರಿ ಸಾಹೇಬ್ರೇ, ನಾನು ಮೇಲಿಂದ ಮಣ್ಣು ಎಳ್ಕೋತೀನಿ,” ಎಂದ. ಆಗಲಿ ಎಂದು ಅವನು ಇಳಿದ. ಅಗೆದು ಅಗೆದು ತಲೆ ಮರೆಯಾಗುವಷ್ಟು ಆಳಕ್ಕೆ ಹೋದ. ಬಕೆಟ್ಟು ತುಂಬಿದಾಗೆಲ್ಲ ಹಗ್ಗ ಜಗ್ಗಿದ. ಸುತ್ತ ಹಸಿ ಮಣ್ಣಿನ ಗೋಡೆ, ಮೇಲೆ ಗುಂಡಗೆ ಒಂದಿಷ್ಟು ಆಕಾಶ. ಮೈಗೆ ಅದು ಗೊತ್ತಿದ್ದ ಜಾಗ. ಬಾಯಿ ತನ್ನಷ್ಟಕ್ಕೆ ತಾನೇ ಕೂಗಿತು:

“ಇದ್ದೀನೀ...”

“ಏನಂದ್ರಿ?” ಮೇಲಿಂದ ವಕೀಲ ಬಗ್ಗಿದ.

“ಏನಿಲ್ಲ, ಏನಿಲ್ಲ.”

ಸ್ವಲ್ಪ ಹೊತ್ತಿಗೆ ಮತ್ತೆ ಕೂಗು ಬಂತು. ತುಟಿ ಕಚ್ಚಿಕೊಂಡರೂ ಬಂತು. ಮ್ಯಾನ್‌ಹೋಲಿಗೆ ಇಳಿದವನು ಆಗಾಗ ಹಾಗೆ ಕೂಗಲೇಬೇಕು. ಕೆಳಗೆ ವಿಷಗಾಳಿ ಇರುತ್ತದೆ. ಕೂಗು ನಿಂತರೆ ಮೇಲಿದ್ದವನು ಹಗ್ಗ ಎಳೆಯಬೇಕು. ಅವನ ಹೆಂಡತಿಯ ಅಣ್ಣ, ಅವನ ಭಾವ, ಒಂದು ಮಧ್ಯಾಹ್ನ ಕೂಗಲಿಲ್ಲ. ಹಗ್ಗ ಎಳೆದವನು ಇವನೇ. ಎಳೆದದ್ದು ತಡವಾಗಿತ್ತೋ, ಭಾವ ಹೋದದ್ದೇ ಬೇಗವೋ, ಯಾರೂ ಹೇಳಲಿಲ್ಲ. ಮಾರನೆಯ ದಿನ ಅದೇ ಮ್ಯಾನ್‌ಹೋಲಿನ ಬಾಯಿಯೊಳಗೆ ಇವನನ್ನು ಇಳಿಸಿದರು.

ರಾತ್ರಿ ಊಟಕ್ಕೆ ಕೂತಾಗ ವಕೀಲ ಅದನ್ನು ಜೋಕು ಮಾಡಿ ಹೇಳಿದ. “ನಮ್ಮ ನೀರಿನ ಸಾಹೇಬ್ರು ಗುಂಡಿ ಒಳಗಿಂದ ಹಾಜರಿ ಹಾಕ್ತಾರೆ ರೀ! ಸ್ಕೂಲ್ ಮಕ್ಕಳ ಹಾಗೆ. ಇದ್ದೀನೀ... ಇದ್ದೀನೀ...” ಕೂಗನ್ನು ಅಣಕಿಸಿಯೂ ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಟೀಚರಮ್ಮ ನಗುವುದನ್ನು ನಿಲ್ಲಿಸಿದರು. “ನಮ್ಮ ರಸ್ತೇಲಿ ಹೀಗೇ ಕೂಗ್ತಾರೆ,” ಎಂದರು ಮೆಲ್ಲಗೆ. “ಕಿಟಕಿ ಹಾಕಿದ್ರೂ ಕೇಳಿಸುತ್ತೆ. ಮ್ಯಾನ್‌ಹೋಲಿಗೆ ಇಳಿಯೋರು.” ಆಮೇಲೆ ಅವನ ಕಡೆ ತಿರುಗಿದರು. “ತಮ್ಮಾ, ನೀವು...?”

ಇಲ್ಲ ಎನ್ನಬಹುದಿತ್ತು. ಬಾಯಿಯವರೆಗೂ ಬಂತು. ಆದರೆ ಇಲ್ಲ ಎಂದರೆ ಅಪ್ಪ ಇಲ್ಲ, ಭಾವ ಇಲ್ಲ, ತಾನೂ ಇಲ್ಲ ಎಂದ ಹಾಗೆ.

“ಹೌದು,” ಎಂದ.

ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಾಗಿತ್ತು. ಕ್ಯಾಪ್ಟನ್ ತಟ್ಟೆ ಕೆಳಗಿಟ್ಟು ಎದ್ದು ನಿಂತ. “ಇವರಂಥವರಿಂದ ನಮ್ಮ ಊರುಗಳು ಉಸಿರಾಡ್ತಿವೆ. ಇವರು ನಮ್ಮ ನಡುವೆ ಇರೋದು ನಮ್ಮ ಭಾಗ್ಯ. ಎಲ್ಲರೂ ಒಂದು ಚಪ್ಪಾಳೆ!” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಬಾಯಲ್ಲಿ ತುತ್ತಿತ್ತು. ಅಗಿಯಲೂ ಆಗದೆ, ಉಗಿಯಲೂ ಆಗದೆ, ಚಪ್ಪಾಳೆ ಮುಗಿಯುವವರೆಗೆ ಹಾಗೇ ಕೂತಿದ್ದ.

ಊಟ ಆದಮೇಲೆ ಕೈಗೆ ಹಚ್ಚಿಕೊಳ್ಳುವ, ಕ್ರಿಮಿ ಕೊಲ್ಲುವ ಔಷಧಿಯ ಬಾಟಲಿ ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು. ಹಿಂದಿನ ದಿನ ಅದನ್ನು ಯಾರೂ ಮುಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಹಗ್ಗದ ಹತ್ತಿರ ಹೋದ. ಆ ದಿನ ಅವನಿಗೆ ಅಡುಗೆಯ ಪಾಳಿ ಬರಬೇಕಿತ್ತು. ರೊಟ್ಟಿಗೆ ಹಿಟ್ಟು ನಾದುವುದು ಅವನಿಗೆ ಇಷ್ಟ. ಮಗಳು ಚಿಕ್ಕವಳಿದ್ದಾಗಿನಿಂದ ಮನೆಯಲ್ಲಿ ಅವನೇ ಬೇಯಿಸಿ ಬಡಿಸಿದವನು. ಅಡುಗೆಯ ಹಗ್ಗದ ಮೇಲೆ ಹಳದಿ ದಾರ ಇರಲಿಲ್ಲ. ನೀರಿನ ಹಗ್ಗದ ಮೇಲೂ ಇರಲಿಲ್ಲ. ಗುಂಡಿಯ ಹಗ್ಗದ ಮೇಲೆ ಒಂದೇ ಕ್ಲಿಪ್ಪು ಇತ್ತು. ಹಳದಿ.

ಯಾರೋ ಮರೆತಿರಬೇಕು ಅಂದುಕೊಂಡ. ಗುಂಡಿಯ ಮೇಲೆ ಕೂರಲು ಹಾಸಿದ್ದ ಹಲಗೆ ತೊಳೆದ. ಬೂದಿ ಸುರಿದ. ಮರೆ ಕಟ್ಟಿದ ಬಟ್ಟೆ ಬಿಗಿದ. ಅದರ ಮಾರನೆಯ ದಿನವೂ ಹಳದಿ ಅಲ್ಲೇ ಇತ್ತು. ಆಗ ಅಡುಗೆ ಡೇರೆಯೊಳಗೆ ಹೋಗಿ, “ಹಿಟ್ಟು ನಾದ್ಲಾ?” ಎಂದು ಕೇಳಿದ. “ಅಯ್ಯೋ ಬೇಡಿ, ನೀವು ರೆಸ್ಟ್ ತಗೊಳ್ಳಿ,” ಎಂದರು ಬ್ಯಾಂಕಿನಾಕೆ. ಎಂದವರು ಹಿಟ್ಟಿನ ಪಾತ್ರೆಯನ್ನು ಕೊಂಚ ತಮ್ಮ ಕಡೆ ಎಳೆದುಕೊಂಡರು. ಅಂಗೈಯಗಲದಷ್ಟು ಎಳೆದಿರಬಹುದು. ಅವನಿಗೆ ಸಾಕಾಯಿತು.

ಮಾತಿನಲ್ಲಿ ಬಹುವಚನ ಎಲ್ಲಿ ಬಿದ್ದುಹೋಯಿತೋ ಗೊತ್ತಿಲ್ಲ. “ಬನ್ನಿ ಸಾಹೇಬ್ರೇ” ಎನ್ನುತ್ತಿದ್ದ ವಕೀಲ, “ಏನಪ್ಪಾ, ಆ ಹಾರೆ ಈ ಕಡೆ ಕೊಡು,” ಎಂದ. ಕ್ಯಾಪ್ಟನ್ ‘ಸರ್’ ಬಿಟ್ಟು ‘ಅಣ್ಣಾ’ ಎಂದ. ಅಣ್ಣ ಒಳ್ಳೆಯ ಮಾತೇ. ಬೇರೆಯವರೆಲ್ಲ ಸರ್ ಆಗಿಯೇ ಉಳಿದು ಇವನೊಬ್ಬನೇ ಅಣ್ಣನಾದರೆ, ಆ ಅಣ್ಣನ ಬೆಲೆ ಎಷ್ಟೆಂದು ಇವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಡೋಲಿಯ ಇನ್ನೊಂದು ತುದಿ ಹಿಡಿಯಲು ಜನ ಸಿಗದಾದರು. ಸಿಕ್ಕವರು ಕಲ್ಲು ಇಳಿಸಿದ ಮೇಲೂ ಕೈಗವಸು ಬಿಚ್ಚಲಿಲ್ಲ. ಬೆಂಚಿನ ಮೇಲೆ ಅವನು ಕೂತರೆ ಪಕ್ಕದವರಿಗೆ ಯಾವುದೋ ಕೆಲಸ ನೆನಪಾಗುತ್ತಿತ್ತು. ಟೀಚರಮ್ಮ ಮಾತ್ರ ದೂರದಿಂದ ನೋಡಿ ನಗುತ್ತಿದ್ದರು. ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಿ ನಗುತ್ತಾರಲ್ಲ, ಹಾಗೆ.

ಅವನು ಒಬ್ಬನೇ ಆದ. ಊರಿನಲ್ಲಿ ಒಬ್ಬನೇ ಇರುವುದು ಅವನಿಗೆ ಅಭ್ಯಾಸ. ಅಲ್ಲಿ ಯಾರೂ ಪಕ್ಕಕ್ಕೆ ಕರೆದಿರಲಿಲ್ಲ, ಹಾಗಾಗಿ ಯಾರೂ ದೂರ ತಳ್ಳಿಯೂ ಇರಲಿಲ್ಲ. ಇಲ್ಲಿ ಎರಡು ದಿನ ಪಕ್ಕದಲ್ಲಿ ಕೂರಿಸಿಕೊಂಡು ಎಬ್ಬಿಸಿದರು. ಅದು ಒಳಗೆ ಉರಿಯಿತು.

ಐದನೆಯ ದಿನದ ಹೊತ್ತಿಗೆ ಜೋರು ಮಳೆ ಹೊಡೆದು ನಿಂತಿತು. ಬೆಳಿಗ್ಗೆ ಎದ್ದರೆ ಗುಂಡಿಯ ಒಂದು ಗೋಡೆ ಕುಸಿದು ಹಲಗೆಗಳು ಒಳಗೆ ಬಿದ್ದಿದ್ದವು. ಮರೆಯ ಬಟ್ಟೆಯೂ ಅದರಲ್ಲೇ ತೇಲುತ್ತಿತ್ತು. ಹಲಗೆ ಬೇರೆ ಇರಲಿಲ್ಲ. ಯಾರಾದರೂ ಇಳಿದು ಎತ್ತಬೇಕು. ಎಲ್ಲರೂ ಮೂಗಿಗೆ ಬಟ್ಟೆ ಹಿಡಿದು ದೂರದಲ್ಲಿ ನಿಂತಿದ್ದರು. ನಿಂತು ಅವನ ಡೇರೆಯ ಕಡೆ ನೋಡುತ್ತಿದ್ದರು.

ಅವನು ಹೊರಗೆ ಬಂದ.

“ಅಣ್ಣಾ,” ಎಂದ ಕ್ಯಾಪ್ಟನ್, “ಸ್ವಲ್ಪ ನೋಡ್ತೀರಾ?”

“ಏನು ನೋಡ್ಬೇಕು?”

“ಹಲಗೆ ಬಿದ್ದಿವೆ. ಎತ್ತಿ ಸರಿ ಮಾಡಿದ್ರೆ...”

ಅವನು ಅಡುಗೆ ಡೇರೆಯ ಮುಂದೆ ಹೋದ. ಗುಂಡಿಯ ಹಗ್ಗದ ಮೇಲೆ ಅಂದೂ ಹಳದಿ ಒಂದೇ. ಕ್ಲಿಪ್ಪನ್ನು ಒತ್ತಿ ಬಿಡಿಸಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

“ಇದನ್ನ ಇಲ್ಲಿ ಯಾರು ಹಾಕಿದ್ದು?”

ಎಲ್ಲರೂ ಕ್ಯಾಪ್ಟನ್ ಕಡೆ ನೋಡಿದರು.

“ನಾನು ಎರಡನೇ ದಿನ ಗುಂಡಿ ತೋಡಿದೆ. ನನ್ನ ಸರದಿ ಮುಗೀತು. ಆಮೇಲೂ ದಿನಾ ಹಾಕ್ತಿದ್ದೀರಲ್ಲ, ಯಾರು?”

“ಹಾಗಲ್ಲ ಅಣ್ಣಾ,” ಎಂದ ಕ್ಯಾಪ್ಟನ್. “ಯಾರೂ ತಪ್ಪು ಉದ್ದೇಶದಿಂದ ಮಾಡಿಲ್ಲ. ಬೇರೆಯವರಿಗೆ ಅಭ್ಯಾಸ ಇಲ್ಲ. ನಿಮಗೆ ಅಭ್ಯಾಸ ಇದೆ, ಅದಕ್ಕೆ.”

“ನಾನು ಹುಟ್ಟುವಾಗ ಅಭ್ಯಾಸ ಮಾಡ್ಕೊಂಡು ಹುಟ್ಟಲಿಲ್ಲ ಸರ್. ಮೊದಲನೇ ದಿನ ನಾನೂ ವಾಂತಿ ಮಾಡಿದೆ. ಮೂರು ದಿನ ಅನ್ನ ಸೇರಲಿಲ್ಲ. ನೀವೂ ಮಾಡ್ಕೊಳ್ಳಿ. ಏನೂ ಸಾಯಲ್ಲ.”

“ಏನಪ್ಪಾ ಇದು,” ಎಂದ ವಕೀಲ, “ಒಂದು ಸಣ್ಣ ವಿಷಯ. ನೀನು ದಿನಾ ಮಾಡೋ ಕೆಲಸ ತಾನೇ?”

ಅವನು ವಕೀಲನನ್ನು ನೋಡಿದ. ಎರಡನೆಯ ದಿನ ಬೊಬ್ಬೆ ಎದ್ದ ಅಂಗೈ ತೋರಿಸಿದವನು ಇವನೇ. ಇವನ ಪಾಲಿನ ಗುಂಡಿಯನ್ನು ಅಗೆದದ್ದು ತಾನು.

“ಅಲ್ಲಿ ಹೊಟ್ಟೆಪಾಡಿಗೆ ಇಳೀತೀನಿ,” ಎಂದ. “ಇಲ್ಲಿ ಯಾವ ಪಾಡಿಗೆ ಇಳೀಲಿ? ಇಲ್ಲಿ ಕೂಲಿ ಇಲ್ಲ, ಕಂಟ್ರಾಕ್ಟರ್ ಇಲ್ಲ. ನಿಮ್ಮ ಹಾಗೇ ನಾನೂ ಬಂದಿದ್ದೀನಿ, ನನ್ನ ಖುಷಿಗೆ. ನೀವೆಲ್ಲ ಊರಲ್ಲಿ ಮಾಡೋ ಕೆಲಸ ಬಿಟ್ಟು ಬಂದಿದ್ದೀರಿ. ವಕೀಲರು ಇಲ್ಲಿ ವಾದ ಮಾಡ್ತಿಲ್ಲ, ಕಲ್ಲು ಹೊರ್ತಿದ್ದಾರೆ. ನಾನೊಬ್ಬನೇ ಯಾಕೆ ನನ್ನ ಕೆಲಸ ಬೆನ್ನಿಗೆ ಕಟ್ಕೊಂಡು ಬರ್ಬೇಕು?”

ಇಷ್ಟು ಮಾತನ್ನು ಅವನು ಜನ್ಮದಲ್ಲಿ ಒಂದೇ ಉಸಿರಿಗೆ ಆಡಿರಲಿಲ್ಲ. ಕಂಟ್ರಾಕ್ಟರನ ಮುಂದೆಯೂ ಇಲ್ಲ, ಭಾವನ ಹೆಣದ ಮುಂದೆಯೂ ಇಲ್ಲ.

ಟೀಚರಮ್ಮ ಮುಂದೆ ಬಂದರು. ಅವರ ಕಣ್ಣಲ್ಲಿ ನೀರಿತ್ತು. “ತಮ್ಮಾ, ಕೋಪ ಮಾಡ್ಕೋಬೇಡಿ. ಸೇವೆ ಅಂದ್ಕೊಳ್ಳಿ. ನಿಮಗೆ ಪುಣ್ಯ ಬರುತ್ತೆ.”

“ಪುಣ್ಯ ನೀವು ತಗೊಳ್ಳಿ ಟೀಚರಮ್ಮ,” ಎಂದ. “ನನಗೆ ಅಡುಗೆ ಪಾಳಿ ಕೊಡಿ.”

ಆಕೆ ತಲೆ ತಗ್ಗಿಸಿದರು. ಅಡುಗೆ ಪಾಳಿ ಕೊಡುತ್ತೇನೆಂದು ಆಕೆಯ ಬಾಯಿಂದಲೂ ಬರಲಿಲ್ಲ.

ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡ. ಹಾರೆ ಹೆಗಲಿಗೆ ಏರಿಸಿ ಕಾಲುದಾರಿಯ ಕಡೆ ಹೊರಟ. ಹಿಂದೆ ಯಾರೂ ಬರಲಿಲ್ಲ. ಕ್ಯಾಂಪಿನಲ್ಲೇ ಏನೋ ಕೆಲಸವಿದೆ ಎಂದು ಉಳಿದುಕೊಂಡರು. ಅವನು ಒಬ್ಬನೇ ಕಲ್ಲು ಮೀಟಿದ. ಡೋಲಿ ಹೊರಲು ಜೊತೆಯಿಲ್ಲದೆ ಕಲ್ಲನ್ನು ಇಂಚಿಂಚೇ ಉರುಳಿಸಿದ. ಕೆಮ್ಮು ಬಂದಾಗ ಕೂತ, ನಿಂತಾಗ ಎದ್ದ. ಆಗಾಗ ಕೆಳಗಿನ ಪೊದೆಗಳ ಕಡೆ ಯಾರಾದರೊಬ್ಬರು ನೀರಿನ ಬಾಟಲಿ ಹಿಡಿದು, ಅತ್ತಿತ್ತ ನೋಡುತ್ತಾ, ಕಳ್ಳರ ಹಾಗೆ ನುಸುಳುವುದು ಕಾಣುತ್ತಿತ್ತು. ವಕೀಲ ಹೋದ. ಬ್ಯಾಂಕಿನಾಕೆ ಹೋದರು. ಊರಿಗೆ ನ್ಯಾಯ ಹೇಳುವವರು ಪೊದೆ ಹುಡುಕುವುದನ್ನು ನೋಡಿ ಅವನಿಗೆ ಒಂದು ಸಲ ನಗು ಬಂತು. ಜೊತೆಗೆ ನಗಲು ಯಾರೂ ಇರಲಿಲ್ಲ.

ಹೊತ್ತು ಇಳಿದಾಗ ಕ್ಯಾಂಪಿಗೆ ಬಂದ. ಕ್ಯಾಂಪು ಇರಲಿಲ್ಲ.

ಡೇರೆಗಳು ಇದ್ದ ಕಡೆ ಹುಲ್ಲು ಚೌಕ ಚೌಕವಾಗಿ ಅಪ್ಪಚ್ಚಿಯಾಗಿತ್ತು. ಅಡುಗೆ ಡೇರೆ ಇಲ್ಲ, ಹಗ್ಗಗಳಿಲ್ಲ, ಬೆಂಚಿಲ್ಲ. ಒಲೆಯ ಕಲ್ಲುಗಳನ್ನೂ ಎತ್ತಿಕೊಂಡು ಹೋಗಿದ್ದರು. ಅವನ ಡೇರೆ ಒಂದೇ ನಿಂತಿತ್ತು, ಪಕ್ಕದಲ್ಲಿ ಆ ಗುಂಡಿ. ಮೇಲಿನ ದಿಣ್ಣೆಯಲ್ಲಿ ಹೊಸದಾಗಿ ಡೇರೆಗಳು ಎದ್ದಿದ್ದವು. ಅಲ್ಲಿಗೆ ನೀರು ಹೊರುವುದು ದುಪ್ಪಟ್ಟು ದೂರ. ಅಕ್ಕಿ ಮೂಟೆ, ಸಿಲಿಂಡರು, ಪಾತ್ರೆ ಪಗಡ ಎಲ್ಲವನ್ನೂ ಆ ಕಡಿದಾದ ಏರಿನಲ್ಲಿ ಹೊತ್ತಿದ್ದಾರೆ. ಇಡೀ ದಿನ ಹೊತ್ತಿದ್ದಾರೆ. ನಾಲ್ಕು ಹಲಗೆ ಎತ್ತುವುದು ಬೇಡವೆಂದು ಒಂದು ಊರನ್ನೇ ಎತ್ತಿದ್ದಾರೆ.

ಡೇರೆಯ ಬಾಯಲ್ಲಿ ಒಂದು ತಟ್ಟೆ ಇತ್ತು, ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. ರೊಟ್ಟಿ, ಪಲ್ಯ. ಟೀಚರಮ್ಮನ ಕೆಲಸವೇ ಇರಬೇಕು.

ಅವನಿಗೆ ಅಳು ಬಂತು. ಸಿಟ್ಟಿನ ಅಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಡೆದಿದ್ದರೆ ತಿರುಗಿ ಹೊಡೆಯಬಹುದಿತ್ತು. ಊಟ ಮುಚ್ಚಿಟ್ಟು ಹೋದವರನ್ನು ಏನು ಮಾಡುವುದು? ಊರಿಗೆ ಇಳಿದು ಹೋಗಿಬಿಡೋಣ ಅನ್ನಿಸಿತು. ಮಗಳು ಬಾಗಿಲು ತೆಗೆದು, “ಯಾಕಪ್ಪಾ, ಬೇಗ ಬಂದೆ?” ಎನ್ನುತ್ತಾಳೆ. ಅವಳಿಗೆ ಏನು ಹೇಳುವುದು? ಮನುಷ್ಯನಾಗಿ ಇದ್ದು ಬಾ ಎಂದವಳಿಗೆ, ಎರಡೇ ದಿನ ಇದ್ದೆ ಮಗಳೇ ಎಂದು ಹೇಳುವುದೇ?

ಹಸಿವಾಗಿತ್ತು. ರೊಟ್ಟಿ ತಿಂದ. ತಟ್ಟೆ ತೊಳೆದಿಟ್ಟ. ಆಮೇಲೆ ಡೇರೆ ಕಿತ್ತು, ಗಾಳಿ ಬರುವ ಕಡೆ, ಗುಂಡಿಯಿಂದ ದೂರ ಹಾಕಿಕೊಂಡ. ಅವನಿಗೂ ಮೂಗಿದೆ.

ಬೆಳಗಾದ ಮೇಲೆ ಮತ್ತೆ ಕಾಲುದಾರಿಗೆ ಹೋದ. ಹಿಂದಿನ ದಿನ ಉರುಳಿಸಿ ತಂದ ಕಲ್ಲು ಅರ್ಧ ಕೂತಿತ್ತು. ಅದರ ಅಡಿ ಚಕ್ಕೆ ಬಡಿಯುತ್ತಿದ್ದಾಗ ಮೇಲಿಂದ ಸಣ್ಣ ಕಲ್ಲುಗಳು ಜಾರಿದವು. ಕ್ಯಾಪ್ಟನ್ ಇಳಿದು ಬರುತ್ತಿದ್ದ. ಕೈಯಲ್ಲಿ ಸನಿಕೆ. ಮೇಲಿನ ದಿಣ್ಣೆಯ ಅಂಚಿನಲ್ಲಿ ಉಳಿದವರು ಸಾಲಾಗಿ ನಿಂತು ಇತ್ತ ನೋಡುತ್ತಿದ್ದರು.

“ಗುಡ್ ಮಾರ್ನಿಂಗ್ ಅಣ್ಣಾ. ಒಬ್ಬರೇ ಎಷ್ಟು ಕೆಲಸ ಮಾಡಿದ್ದೀರಿ! ಗ್ರೇಟ್.”

ಅವನು ಚಕ್ಕೆ ಬಡಿದ.

“ನೋಡಿ, ನಿನ್ನೆ ಆಗಿದ್ದು ಆಗಿಹೋಯ್ತು. ನೀವೂ ಮೇಲೆ ಬಂದುಬಿಡಿ, ಎಲ್ಲರೂ ನಿಮ್ಮನ್ನ ಕೇಳ್ತಿದ್ದಾರೆ.” ಕ್ಯಾಪ್ಟನ್ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. “ಒಂದು ಸಣ್ಣ ಸಹಾಯ ಆಗ್ಬೇಕಿತ್ತು. ಮೇಲೆ ಹೊಸ ಗುಂಡಿ ತೋಡ್ಬೇಕು. ಕಲ್ಲು ನೆಲ, ಯಾರಿಗೂ ಆಗ್ತಿಲ್ಲ. ಇದು ಹೊಸದು ಅಣ್ಣಾ. ಇನ್ನೂ ಯಾರೂ ಕೂತಿಲ್ಲ. ಬರೀ ಮಣ್ಣು. ಇದಕ್ಕೇನೂ ನಿಮಗೆ ಬೇಜಾರಿಲ್ಲ ಅಲ್ವಾ?”

ಸನಿಕೆಯನ್ನು ತಿರುಗಿಸಿ, ಹಿಡಿಯ ಕಡೆಯಿಂದ ಮರ್ಯಾದೆಯಾಗಿ ಮುಂದೆ ಚಾಚಿದ.

ಅವನು ಸುತ್ತಿಗೆ ಕೆಳಗಿಟ್ಟ. ಕೈ ಒರೆಸಿಕೊಂಡು ಎದ್ದ.

“ಯಾರ ಸರದಿ?”

“ಸರದಿ ಅಂತ ಏನಿಲ್ಲ ಅಣ್ಣಾ, ಸುಮ್ನೆ ಎಲ್ಲರಿಗೂ ಅನುಕೂಲ ಆಗ್ಲಿ ಅಂತ...”

ಚಾಚಿದ ಸನಿಕೆ ಚಾಚಿದ ಹಾಗೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ. ಕ್ಯಾಪ್ಟನ್ನಿನ ತಲೆಯ ಮೇಲಿಂದ ದಿಣ್ಣೆಯ ಕಡೆ ಮುಖ ಎತ್ತಿ, ಅಲ್ಲಿ ನಿಂತ ಒಬ್ಬೊಬ್ಬರಿಗೂ ಕೇಳಲಿ ಎಂದು, ಎದೆಯಲ್ಲಿದ್ದಷ್ಟು ಉಸಿರನ್ನೂ ಎಳೆದುಕೊಂಡು ಮತ್ತೆ ಕೇಳಿದ:

“ಯಾರ ಸರದಿ?”